ತಾತಗುಣಿ ತೋಟದ ಗೇಟು ತೆಗೆಸಿ, ತೋಟ ಮಾತ್ರ ಕೆಡಿಸಬೇಡಿ: ಪ್ರವಾಸೋದ್ಯಮ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಕನಕಪುರ ರಸ್ತೆಯಲ್ಲಿ ದಿನಾ ಓಡಾಡುವವರಲ್ಲಿ ನಾನೂ ಒಬ್ಬ. ರೇಷ್ಮೆ ಸಂಸ್ಥೆ ಮೆಟ್ರೊ ನಿಲ್ದಾಣ ದಾಟಿ ಮುಂದೆ ಹೋದರೆ ತಾತಗುಣಿ. ಅಲ್ಲಿ ರೋರಿಕ್ ಎಸ್ಟೇಟ್ ಇದೆ ಅಂತ ಬಸ್ಸಿನಲ್ಲಿ ಪಕ್ಕದವರಿಗೆ ಹೇಳಿದರೆ ‘ಯಾರದ್ದು ಅದು?’ ಅಂತ ಕೇಳುತ್ತಾರೆ. ‘ನಮ್ಮದೇ’ ಅನ್ನಬೇಕು ಅನ್ನಿಸುತ್ತದೆ. ಕಾನೂನಿನ ಪ್ರಕಾರ ಅದು ನಿಜ ಕೂಡ. ಆದರೆ ನಮ್ಮದು ಅನ್ನಬೇಕಾದರೆ ಒಮ್ಮೆಯಾದರೂ ಒಳಗೆ ಹೋಗಿ ಮರದ ಕೆಳಗೆ ಕೂತು ಬಂದಿರಬೇಕು, ಅಲ್ವಾ?

ಈ ತೋಟದ ಕಥೆ ನಿಮಗೆ ಗೊತ್ತೇ ಇರುತ್ತದೆ. ಓದುವ ಬೇರೆಯವರಿಗಾಗಿ ಸ್ವಲ್ಪ ಹೇಳುತ್ತೇನೆ. ರಷ್ಯಾದಲ್ಲಿ ಹುಟ್ಟಿದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಮತ್ತು ‘ಬಾಂಬೆ ಟಾಕೀಸ್’ ಸಿನಿಮಾ ಕಂಪನಿಯ ನಟಿ ದೇವಿಕಾ ರಾಣಿ 1945ರಲ್ಲಿ ಮದುವೆಯಾದರು. ಆಮೇಲೆ ಬೆಂಗಳೂರಿನ ಕಡೆ ಬಂದು ಇಲ್ಲೇ ನೆಲೆ ನಿಂತರು. ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿರುವ ನೆಹರೂ ಚಿತ್ರ ಬರೆದವರು ಇದೇ ರೋರಿಕ್. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೊಟ್ಟಮೊದಲು ಸಿಕ್ಕಿದ್ದು ಇದೇ ದೇವಿಕಾ ರಾಣಿಗೆ. ಅವರ ತೋಟ ಸುಮಾರು 470 ಎಕರೆ. ಅದರಲ್ಲಿ 100 ಎಕರೆಯನ್ನು 1954ರಲ್ಲಿ ಸರ್ಕಾರವೇ ಲಿನಾಲೋ ಅನ್ನುವ ಸುಗಂಧದೆಣ್ಣೆಯ ಮರ ಬೆಳೆಯಲು ಕೊಟ್ಟಿತ್ತು, ಉಳಿದದ್ದನ್ನು ರೋರಿಕ್ ಕೊಂಡಿದ್ದರು.

1993ರಲ್ಲಿ ರೋರಿಕ್ ತೀರಿಹೋದರು, 1994ರಲ್ಲಿ ದೇವಿಕಾ ರಾಣಿ. ಮಕ್ಕಳಿರಲಿಲ್ಲ. ಆಸ್ತಿಗಾಗಿ ಜಗಳ ಶುರುವಾಯಿತು. 1996ರಲ್ಲಿ ಸರ್ಕಾರ ಈ ಒಂದು ಎಸ್ಟೇಟಿಗಾಗಿಯೇ ಕಾಯ್ದೆ ಮಾಡಿ, ಐದು ಕೋಟಿ ರೂಪಾಯಿ ಪರಿಹಾರ ನಿಗದಿ ಮಾಡಿ, ಅದನ್ನು ವಶಕ್ಕೆ ತೆಗೆದುಕೊಂಡಿತು. ಕೋರ್ಟು ಕಚೇರಿ ಅಲೆದಾಟ ಮುಗಿಯಲು 2011ರ ಆಗಸ್ಟ್ ಬೇಕಾಯಿತು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಕಾಯ್ದೆಯನ್ನು ಎತ್ತಿಹಿಡಿಯಿತು. ಆಸ್ತಿಯ ಹಕ್ಕಿನ ಬಗ್ಗೆ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಓದುವ ತೀರ್ಪು ಅದು. ತಮಾಷೆ ನೋಡಿ, ದೇಶದ ಯಾವುದೋ ಮೂಲೆಯ ಲಾ ಕಾಲೇಜಿನ ಹುಡುಗನಿಗೆ ಗೊತ್ತಿರುವ ತಾತಗುಣಿ, ಜಯನಗರದ ಹುಡುಗನಿಗೆ ಗೊತ್ತಿಲ್ಲ.

ಚಿತ್ರಗಳಿಗಾಗಿ ಮ್ಯೂಸಿಯಂ ಮಾಡುವ ಯೋಜನೆ ಇದೆ. ಒಳ್ಳೆಯದೇ. ಅದನ್ನು ಬಲ್ಲವರು ನೋಡಿಕೊಳ್ಳಲಿ. ನಾನು ಬರೆಯುತ್ತಿರುವುದು ಮ್ಯೂಸಿಯಂ ಗೋಡೆಯ ಆಚೆ ಇರುವ ನೆಲದ ಬಗ್ಗೆ. ಲಾಲ್‌ಬಾಗ್ 240 ಎಕರೆ. ಇದು ಅದರ ಹೆಚ್ಚುಕಡಿಮೆ ಎರಡರಷ್ಟು. ಬೆಂಗಳೂರಿನಲ್ಲಿ ಇಷ್ಟು ದೊಡ್ಡ ಹಸಿರು ಜಾಗ ಜನರ ಕೈಗೆ ಸಿಗುವುದು ಇನ್ನೊಮ್ಮೆ ಆಗುವ ಮಾತಲ್ಲ.

ಲಾಲ್‌ಬಾಗ್ ಕೂಡ ಮೊದಲು ಜನರದ್ದಾಗಿರಲಿಲ್ಲ. 1760ರಲ್ಲಿ ಹೈದರಾಲಿ ತನಗಾಗಿ ಮಾಡಿಸಿದ ತೋಟ ಅದು. 1856ರಲ್ಲಿ ಸರ್ಕಾರಿ ಸಸ್ಯತೋಟವಾಯಿತು. ಇವತ್ತು ಬೆಳಗಿನ ಹೊತ್ತು ಯಾರು ಬೇಕಾದರೂ ಟಿಕೆಟ್ ಇಲ್ಲದೆ ಹೋಗಿ ನಡೆದು ಬರುತ್ತಾರೆ. ಆದರೂ ಅದು ತೋಟವಾಗಿಯೇ ಉಳಿದಿದೆ. ನಾನು ಕೇಳುತ್ತಿರುವುದು ಅಷ್ಟೇ.

ನನ್ನ ಭಯ ಏನು ಅಂತ ನೇರವಾಗಿ ಹೇಳಿಬಿಡುತ್ತೇನೆ. ಪಾರ್ಕ್ ಅಂದ ಕೂಡಲೇ ನಮ್ಮಲ್ಲಿ ಒಂದು ಸಿದ್ಧ ನಕ್ಷೆ ಹೊರಗೆ ಬರುತ್ತದೆ. ಸಿಮೆಂಟ್ ಇಟ್ಟಿಗೆಯ ದಾರಿ, ಬಣ್ಣದ ಕಾರಂಜಿ, ಫುಡ್ ಕೋರ್ಟ್, ‘ಐ ಲವ್’ ಅಂತ ಬರೆದ ದೊಡ್ಡ ಅಕ್ಷರಗಳು, ಜೊತೆಗೆ ದೇವಿಕಾ ರಾಣಿಯ ಒಂದು ಫೈಬರ್ ಗೊಂಬೆ. ದಯವಿಟ್ಟು ಆ ಗೊಂಬೆ ಮಾತ್ರ ಬೇಡ.

ಲಿನಾಲೋ ಮರದ ವಿಷಯಕ್ಕೆ ಬರುತ್ತೇನೆ. ಮೆಕ್ಸಿಕೊ ಮೂಲದ ಮರ ಇದು. ಅದರ ಎಣ್ಣೆ ಸುಗಂಧದ ಉದ್ಯಮಕ್ಕೆ ಬೇಕು. ಮೆಕ್ಸಿಕೊದಲ್ಲಿ ಮರವನ್ನೇ ಕಡಿದು ಎಣ್ಣೆ ತೆಗೆಯುತ್ತಿದ್ದರು. ನಮ್ಮಲ್ಲಿ ಕಾಯಿಯ ಸಿಪ್ಪೆಯಿಂದ ತೆಗೆಯುತ್ತಾರೆ, ಮರಕ್ಕೆ ಕೊಡಲಿ ಹಾಕುವ ಕೆಲಸವೇ ಇಲ್ಲ. ಆದರೆ ಈ ಮರಕ್ಕೆ ಒಂದು ಗುಣವಿದೆ. ಒಣಹವೆಯಲ್ಲಿ ಎಲೆಯೆಲ್ಲ ಉದುರಿಸಿ ಬೋಳಾಗಿ ನಿಂತುಬಿಡುತ್ತದೆ. ಗೊತ್ತಿಲ್ಲದವರು ನೋಡಿದರೆ ಸತ್ತೇ ಹೋಗಿದೆ ಅಂದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಟೆಂಡರ್ ಹಿಡಿದು ಬರುವ ಗುತ್ತಿಗೆದಾರ ‘ಒಣಗಿದ ಮರ ತೆರವು’ ಅಂತ ಬಿಲ್ ಬರೆದರೆ ತಡೆಯುವವರು ಯಾರು? ಅದಕ್ಕೇ ಕೇಳುತ್ತೇನೆ, ಕೆಲಸ ಶುರುವಾಗುವ ಮೊದಲೇ ಪ್ರತಿ ಮರಕ್ಕೂ ನಂಬರ್ ಹಾಕಿಸಿ. ಆ ಪಟ್ಟಿ ಎಲ್ಲರಿಗೂ ಸಿಗಲಿ. ಆಗುವುದಾದರೆ ಎಣ್ಣೆ ಇಳಿಸುವ ಒಂದು ಸಣ್ಣ ಭಟ್ಟಿಯನ್ನೂ ಅಲ್ಲೇ ನಡೆಸಿ. ಮಕ್ಕಳು ಬೋರ್ಡ್ ಓದುವುದಿಲ್ಲ ಸ್ವಾಮಿ, ವಾಸನೆ ಮರೆಯುವುದಿಲ್ಲ.

ಇನ್ನು ಆನೆ. ಬನ್ನೇರುಘಟ್ಟದ ಕಾಡು ದೂರವಿಲ್ಲ. ಅಲ್ಲಿನ ಆನೆಗಳು ಈ ತೋಟದ ಕಡೆ ಬಂದದ್ದೂ ಉಂಟು. ಅವುಗಳಿಗೆ ಕಾಯ್ದೆಯೂ ಗೊತ್ತಿಲ್ಲ, ತೀರ್ಪೂ ಗೊತ್ತಿಲ್ಲ. ಹಾಗಾಗಿ ಇಡೀ 470 ಎಕರೆಯನ್ನು ಜನರಿಗೆ ಬಿಡಿ ಅಂತ ನಾನು ಕೇಳುವುದಿಲ್ಲ. ಮನೆ, ಚಿತ್ರ ಬರೆಯುತ್ತಿದ್ದ ಜಾಗ, ಸುತ್ತಲಿನ ಲಿನಾಲೋ ತೋಟ, ಇಷ್ಟು ಸಾಕು. ಕಾಡಿನ ಕಡೆಯ ಭಾಗ ಹಾಗೇ ಇರಲಿ. ಸಂಜೆಯಾದ ಮೇಲೆ ಗೇಟು ಹಾಕಲಿ, ರಾತ್ರಿ ಫ್ಲಡ್‌ಲೈಟ್ ಬೇಡವೇ ಬೇಡ. ಪಾರ್ಕಿನ ಅರ್ಧಕ್ಕಿಂತ ಜಾಸ್ತಿ ಜಾಗಕ್ಕೆ ಯಾರೂ ಹೋಗುವ ಹಾಗಿಲ್ಲ ಅಂದರೆ ಕೆಲವರು ಗೊಣಗಬಹುದು. ಗೊಣಗಲಿ.

ಇನ್ನೊಂದು ಮಾತು. ಸ್ವೆತೊಸ್ಲಾವ್ ಅವರ ತಂದೆ ನಿಕೊಲಸ್ ರೋರಿಕ್, ಯುದ್ಧದ ಕಾಲದಲ್ಲೂ ಮ್ಯೂಸಿಯಂ, ಸ್ಮಾರಕಗಳನ್ನು ಯಾರೂ ಮುಟ್ಟಬಾರದು ಅಂತ ಒಂದು ಒಪ್ಪಂದಕ್ಕಾಗಿ ದುಡಿದವರು. 1935ರ ಏಪ್ರಿಲ್ 15ರಂದು ವಾಷಿಂಗ್ಟನ್‌ನಲ್ಲಿ 21 ದೇಶಗಳು ಅದಕ್ಕೆ ಸಹಿ ಹಾಕಿದವು. ರೋರಿಕ್ ಒಪ್ಪಂದ ಅಂತಲೇ ಅದಕ್ಕೆ ಹೆಸರು. ಬಾಂಬಿನಿಂದ ಉಳಿಸಬೇಕು ಅಂತ ಅಪ್ಪ ಓಡಾಡಿದರು. ಮಗನ ಮನೆಯನ್ನು ನಾವು ಗೆದ್ದಲಿನಿಂದ, ಫೈಲಿನಿಂದ ಉಳಿಸಿದರೆ ಸಾಕಾಗಿದೆ.

ದೊಡ್ಡ ಯೋಜನೆ ಪೂರ್ತಿ ಮುಗಿಯುವವರೆಗೆ ಕಾಯಬೇಡಿ. ಪ್ರತಿ ಭಾನುವಾರ ಮೂವತ್ತು ಜನರನ್ನು ಒಳಗೆ ಬಿಡಿ. ದಾರಿ ತೋರಿಸಲು ತೋಟ ಬಲ್ಲ ಒಬ್ಬ ಮಾಲಿ ಇರಲಿ. ತೋಟದ ನಕ್ಷೆ ಏನೇ ಮಾಡಿಸಿದರೂ ಕೆಲಸಕ್ಕೆ ಮುಂಚೆ ಕನ್ನಡದಲ್ಲಿ ಪ್ರಕಟಿಸಿ. ತಾತಗುಣಿಯ ಊರವರನ್ನು ಕೂರಿಸಿಕೊಂಡು ಕೇಳಿ. ಸುಮ್ನೆ ಸಭೆಯ ಶಾಸ್ತ್ರಕ್ಕಲ್ಲ. ನೀರು ಎಲ್ಲಿ ನಿಲ್ಲುತ್ತದೆ, ಆನೆ ಯಾವ ದಾರಿಯಲ್ಲಿ ಬರುತ್ತದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ಕನ್ಸಲ್ಟೆಂಟ್‌ಗೂ ಗೊತ್ತಿರುವುದಿಲ್ಲ.

ಮೊದಲ ಭಾನುವಾರ ಯಾವುದು ಅಂತ ತಿಳಿಸಿ. ಮೆಟ್ರೊ ಇಳಿದು ಬಸ್ ಹತ್ತಿ ಬರುತ್ತೇವೆ.

ಇಂತಿ,
ಕನಕಪುರ ರಸ್ತೆಯ ಒಬ್ಬ ನಿವಾಸಿ