ಅಮೈಲಾಯ್ಡ್ ಹೂಳು ತೆಗೆದರೆ ನೆನಪು ಮರಳುವುದೇ?

ಮಾನ್ಯ ಸಂಪಾದಕರೇ,

ಆಲ್‌ಝೈಮರ್ ಕಾಯಿಲೆಯ ಹೊಸ ಔಷಧಗಳ ಕುರಿತು ಈಚೆಗೆ ನಮ್ಮ ಕಡೆಯ ಮೊಬೈಲುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತಿವೆ. ಮೆದುಳಿನಲ್ಲಿ ಕಟ್ಟಿಕೊಂಡ ಅಮೈಲಾಯ್ಡ್ ಬೀಟಾ ಎಂಬ ಪ್ರೋಟೀನನ್ನು ತೊಳೆದುಹಾಕುವ ಔಷಧ ಬಂದಿರುವುದರಿಂದ ಮರೆವಿನ ರೋಗ ಇನ್ನು ವಾಸಿಯಾದಂತೆಯೇ ಎನ್ನುತ್ತದೆ ಒಂದು. ಅಮೈಲಾಯ್ಡ್ ಎಂಬುದೇ ಔಷಧ ಕಂಪನಿಗಳು ಕಟ್ಟಿದ ಕತೆ ಎನ್ನುತ್ತದೆ ಇನ್ನೊಂದು. ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವಳಾಗಿ, ಇದೇ ಕಾಯಿಲೆಯಿದ್ದ ತಾಯಿಯನ್ನು ಎಂಟು ವರ್ಷ ನೋಡಿಕೊಂಡವಳಾಗಿ ನಾನು ಎರಡನ್ನೂ ಒಪ್ಪಲಾರೆ.

ಜರ್ಮನಿಯ ವೈದ್ಯ ಅಲೊಯಿಸ್ ಆಲ್‌ಝೈಮರ್ 1906ರಲ್ಲಿ, ತೀರಿಕೊಂಡ ತಮ್ಮ ರೋಗಿಯೊಬ್ಬಳ ಮೆದುಳಿನಲ್ಲಿ ಕಂಡದ್ದು ಎರಡು ಸಂಗತಿಗಳನ್ನು: ನರಕೋಶಗಳ ಹೊರಗೆ ಹೆಪ್ಪುಗಟ್ಟಿದ ಪ್ಲೇಕ್‌ಗಳು, ಒಳಗೆ ಸಿಕ್ಕುಬಿದ್ದ ಎಳೆಗಳು. ಹೊರಗಿನದು ಅಮೈಲಾಯ್ಡ್ ಬೀಟಾ, ಒಳಗಿನದು ಟೌ ಎಂಬ ಪ್ರೋಟೀನು ಎಂದು ತಿಳಿಯಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. (ಅಮೈಲಾಯ್ಡ್ ಎಂದರೆ ಗಂಜಿಯಂಥದ್ದು ಎಂದರ್ಥ, ಹತ್ತೊಂಬತ್ತನೆಯ ಶತಮಾನದಲ್ಲಿ ಪಿಷ್ಟವೆಂದು ತಪ್ಪಾಗಿ ಭಾವಿಸಿ ಇಟ್ಟ ಹೆಸರು, ಇಂದಿಗೂ ಉಳಿದಿದೆ.) ನಮ್ಮೆಲ್ಲರ ನರಕೋಶಗಳ ಪೊರೆಯಲ್ಲಿ ಎಪಿಪಿ ಎಂಬ ದೊಡ್ಡ ಪ್ರೋಟೀನು ಇರುತ್ತದೆ. ಎರಡು ಕಿಣ್ವಗಳು ಒಂದರ ಹಿಂದೊಂದರಂತೆ ಅದನ್ನು ಕತ್ತರಿಸಿದಾಗ 40 ಅಥವಾ 42 ಅಮೈನೋ ಆಮ್ಲಗಳ ತುಣುಕು ಉದುರುತ್ತದೆ. ಇದು ಆರೋಗ್ಯವಂತರಲ್ಲೂ ನಡೆಯುವ ಕೆಲಸವೇ. ಆದರೆ 42ರ ತುಣುಕು ಹೆಚ್ಚು ಅಂಟು. ತೆರವಾಗದೆ ಉಳಿದಾಗ ಒಂದಕ್ಕೊಂದು ಅಂಟಿಕೊಂಡು ಹೆಪ್ಪಾಗುತ್ತದೆ, ಅದೂ ಮರೆವು ಕಾಣಿಸಿಕೊಳ್ಳುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ.

ಇದನ್ನು ಬರೀ ಕತೆ ಎನ್ನುವವರು ವಂಶವಾಹಿಗಳ ಸಾಕ್ಷ್ಯಕ್ಕೆ ಉತ್ತರ ಕೊಡಬೇಕಾಗುತ್ತದೆ. ಎಪಿಪಿಯ ವಂಶವಾಹಿ ಇರುವುದು 21ನೆಯ ವರ್ಣತಂತುವಿನಲ್ಲಿ. ಆ ವರ್ಣತಂತು ಮೂರು ಪ್ರತಿ ಇರುವ ಡೌನ್ ಸಿಂಡ್ರೋಮ್‌ನವರಲ್ಲಿ ನಲವತ್ತರ ವಯಸ್ಸಿಗೆಲ್ಲ ಪ್ಲೇಕ್‌ಗಳು ಕಾಣುತ್ತವೆ. ಇದೇ ವಂಶವಾಹಿಯ ಕೆಲವು ದೋಷಗಳು ನಡುವಯಸ್ಸಿನಲ್ಲೇ ಕಾಯಿಲೆ ತಂದರೆ, ಐಸ್‌ಲ್ಯಾಂಡಿನವರಲ್ಲಿ ಗುರುತಿಸಿ 2012ರಲ್ಲಿ ವರದಿ ಮಾಡಿದ ಒಂದು ಅಪರೂಪದ ಬದಲಾವಣೆ ಅಮೈಲಾಯ್ಡ್ ಉತ್ಪಾದನೆಯನ್ನು ತಗ್ಗಿಸಿ ಕಾಯಿಲೆಯಿಂದ ರಕ್ಷಣೆಯನ್ನೇ ಕೊಡುತ್ತದೆ. 2006ರ ಒಂದು ಪ್ರಸಿದ್ಧ ಪ್ರಬಂಧವನ್ನು ಚಿತ್ರಗಳನ್ನು ತಿದ್ದಿದ ಕಾರಣಕ್ಕೆ 2024ರಲ್ಲಿ ಹಿಂಪಡೆದದ್ದು ನಿಜ, ನಾಚಿಕೆಗೇಡೂ ಹೌದು. ಆದರೆ ಅದು ಅಮೈಲಾಯ್ಡಿನ ಒಂದು ನಿರ್ದಿಷ್ಟ ರೂಪಕ್ಕೆ ಸಂಬಂಧಿಸಿದ್ದು. ಅಮೈಲಾಯ್ಡೇ ಕಾಯಿಲೆಗೆ ಮೂಲ ಎಂಬ ಸಿದ್ಧಾಂತವನ್ನು ಮಂಡಿಸಿದ್ದು ಅದಕ್ಕಿಂತ ಬಹಳ ಹಿಂದೆ, 1992ರಲ್ಲಿ.

ಹಾಗಾದರೆ ಹೆಪ್ಪನ್ನು ತೆಗೆದೊಡನೆ ರೋಗಿ ಗುಣವಾಗಬೇಕಲ್ಲ ಎಂದು ಕೇಳಬಹುದು. ನಮ್ಮ ಹೊನ್ನಾವರದ ಅಳಿವೆಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹೂಳು ತುಂಬಿದ್ದರಿಂದ ದೋಣಿ ಮಗುಚುತ್ತದೆ. ಮಗುಚಿದ ಮೇಲೆ ಹೂಳೆತ್ತಿದರೆ ಮುಂದಿನ ದೋಣಿಗೆ ಅನುಕೂಲವಾದೀತೇ ಹೊರತು ಮುಳುಗಿದ್ದು ಮೇಲೇಳುವುದಿಲ್ಲ. ಅಮೈಲಾಯ್ಡ್ ಬಹುಶಃ ಕೇಡಿಗೆ ಚಾಲನೆ ಕೊಡುತ್ತದೆ, ಆದರೆ ಮರೆವಿನ ತೀವ್ರತೆ ಹೆಚ್ಚು ಹೊಂದಿಕೆಯಾಗುವುದು ಟೌ ಹರಡಿದ ಪ್ರಮಾಣಕ್ಕೆ. ಮೆದುಳಿನ ತುಂಬ ಪ್ಲೇಕ್ ಇದ್ದೂ ಕೊನೆಯವರೆಗೆ ಲೆಕ್ಕಪತ್ರ ತಪ್ಪದ ಹಿರಿಯರೂ ಇದ್ದಾರೆ. ಲೆಕಾನೆಮ್ಯಾಬ್ ಎಂಬ ಔಷಧದ ಪರೀಕ್ಷೆಯಲ್ಲಿ, ಆರಂಭಿಕ ಹಂತದ 1795 ಮಂದಿಯನ್ನು 18 ತಿಂಗಳು ಗಮನಿಸಿದಾಗ, ಪ್ಲೇಕ್‌ಗಳು ಗಣನೀಯವಾಗಿ ಕರಗಿದರೂ ಕಾಯಿಲೆಯ ಓಟ ನಿಧಾನವಾದದ್ದು ಶೇ 27ರಷ್ಟು; ಕಾಯಿಲೆಯ ತೀವ್ರತೆಯನ್ನು ಅಳೆಯುವ ಒಟ್ಟು 18 ಅಂಕಗಳ ಅಳತೆಯಲ್ಲಿ ಔಷಧ ಪಡೆದವರಿಗೂ ಪಡೆಯದವರಿಗೂ ಇದ್ದ ಅಂತರ 0.45. ಶೇ 27 ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿ 0.45 ಅನ್ನು ಬಿಡುವುದು ಸರಿಯಲ್ಲ. ಔಷಧ ಪಡೆದವರಲ್ಲಿ ಎಂಟಕ್ಕೆ ಒಬ್ಬರಂತೆ ಮೆದುಳಿನ ಊತ ಸ್ಕ್ಯಾನಿನಲ್ಲಿ ಕಂಡಿತ್ತು, ಹೆಚ್ಚಿನವರಿಗೆ ಲಕ್ಷಣಗಳಿಲ್ಲದಿದ್ದರೂ. ಆ ಪರೀಕ್ಷೆಯಲ್ಲಿ ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಹನಿಸುತ್ತಿದ್ದರು, ನಡುನಡುವೆ ಎಂಆರ್‌ಐ ಮಾಡಿಸಬೇಕು. ನರರೋಗ ತಜ್ಞರನ್ನು ಕಾಣಲು ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗುವ ನಮ್ಮ ಕಡೆಯವರಿಗೆ ಇದರ ಅರ್ಥವೇನೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನು ನಮ್ಮ ತಾಯಿಯ ವಿಷಯ. ಅವರು ಸಾರಿಗೆ ಎರಡೆರಡು ಬಾರಿ ಉಪ್ಪು ಹಾಕತೊಡಗಿದಾಗ ಮನೆಯವರು, ನೆಂಟರು, ತೋರಿಸಿದ ವೈದ್ಯರೊಬ್ಬರು ಸಹ ಹೇಳಿದ್ದು ಒಂದೇ: ಅರವತ್ತಕ್ಕೆ ಅರಳು ಮರಳು. ದಿನವೂ ಒಂದೆಲಗದ ತಂಬುಳಿ ಮಾಡಿ ಬಡಿಸಿದೆವು. ಆ ತಂಬುಳಿಯ ರುಚಿಗೆ ನಾನು ಈಗಲೂ ಸೋಲುತ್ತೇನೆ, ಆದರೆ ಅದರಿಂದ ಕಾಯಿಲೆ ನಿಲ್ಲಲಿಲ್ಲ. ಸರಿಯಾದ ಪರೀಕ್ಷೆ ನಡೆದದ್ದು ಮೂರು ವರ್ಷ ಕಳೆದ ಮೇಲೆ. ಹೊಸ ಔಷಧಗಳೇನಾದರೂ ನೆರವಾಗುವುದಿದ್ದರೆ ಅದು ಆರಂಭದ ಹಂತದಲ್ಲಿ ಮಾತ್ರ. ಆ ಹಂತವನ್ನೇ ನಾವು ಅರಳು ಮರಳು ಎಂದು ಕಳೆದುಬಿಡುತ್ತೇವೆ. ಥೈರಾಯ್ಡ್ ಕುಂದಿದ್ದರಿಂದ, ಬಿ12 ಕೊರತೆಯಿಂದ, ಖಿನ್ನತೆಯಿಂದ ಬರುವ, ಚಿಕಿತ್ಸೆಗೆ ಬಗ್ಗುವ ಮರೆವು ಕೂಡ ಅದೇ ಹೆಸರಿನಡಿ ಮುಚ್ಚಿಹೋಗುತ್ತದೆ.

ಮೆದುಳಿನ ಆರೋಗ್ಯಕ್ಕಾಗಿ ರಾಜ್ಯ ಸರಕಾರವು ನಿಮ್ಹಾನ್ಸ್ ಜೊತೆಗೂಡಿ ಕಾರ್ಯಕ್ರಮವೊಂದನ್ನು ನಡೆಸುತ್ತಿದೆ. ಅದರಡಿ ತಿಂಗಳಿಗೊಂದು ದಿನವಾದರೂ ಕುಮಟಾ, ಹೊನ್ನಾವರ, ಶಿರಸಿಯಂಥ ತಾಲೂಕು ಆಸ್ಪತ್ರೆಗಳಲ್ಲಿ ಮರೆವಿನ ತಪಾಸಣೆ ಏರ್ಪಡಿಸಿ, ಕನ್ನಡ ಮತ್ತು ಕೊಂಕಣಿಯಲ್ಲಿ ಪ್ರಶ್ನೆ ಕೇಳಬಲ್ಲ ಸಿಬ್ಬಂದಿಯನ್ನು ಕೂರಿಸಿ, ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್, ಬಿ12ಗಳ ಜೊತೆಗೆ ಕಿವಿಯ ಪರೀಕ್ಷೆಯನ್ನೂ ಅಲ್ಲೇ ಮುಗಿಸುವಂತಾಗಬೇಕು. ಅಮೈಲಾಯ್ಡ್ ಅಳೆಯುವ ಪೆಟ್ ಸ್ಕ್ಯಾನ್ ನಮ್ಮ ಜಿಲ್ಲೆಗೆ ನಾಳೆಯೇ ಬರಲಿ ಎಂದು ನಾನು ಕೇಳುತ್ತಿಲ್ಲ. ಮೇಲಿನ ಪರೀಕ್ಷೆಗಳಿಗೆ ಆ ಯಂತ್ರ ಬೇಕಾಗಿಯೂ ಇಲ್ಲ.

ನಿವೃತ್ತ ವಿಜ್ಞಾನ ಶಿಕ್ಷಕಿ,
ಹೊನ್ನಾವರ