ಅಜ್ಜಿಯ ಪಟ್ಟದ ಗೊಂಬೆಗೆ ವಾರ್ನಿಷ್ ಬೇಡ

ನ್ಯೂರೆಂಬರ್ಗ್, ಜರ್ಮನಿ
ಜೂನ್ ಕೊನೆಯ ಸೋಮವಾರ, ರಾತ್ರಿ

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳ ನಮಸ್ಕಾರಗಳು. ನಾವು ಮೂವರೂ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಹೇಗಿದೆ? ಮಳೆ ಶುರುವಾಯಿತಾ? ಇಲ್ಲಿ ಈಗ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಚಿನ್ನುವನ್ನು ಮಲಗಿಸುವುದೇ ಕಷ್ಟ.

ಮೊದಲು ಮುಖ್ಯವಾದ ಮಾತು ಹೇಳಿಬಿಡುತ್ತೇನೆ. ಪುಟ್ಟ ಹೋದ ವಾರ ಫೋನಿನಲ್ಲಿ ಹೇಳಿದ, ದಸರಾ ಹೊತ್ತಿಗೆ ಪಟ್ಟದ ಗೊಂಬೆಗಳನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿಸಿ, ವಾರ್ನಿಷ್ ಹೊಡೆಸಿ, ಕಣ್ಣು ಹುಬ್ಬಿಗೆ ಎನಾಮೆಲ್ ಪೇಂಟ್ ಬಳಿಸುತ್ತೇನೆ ಅಂತ. ಬೇಡ ಅಮ್ಮ. ದಯವಿಟ್ಟು ಬೇಡ. ಅವನ ಮನಸ್ಸು ಒಳ್ಳೆಯದೇ, ಅಜ್ಜಿಯ ಗೊಂಬೆ ಲಕಲಕ ಅನ್ನಲಿ ಅನ್ನುವ ಆಸೆ ಅವನಿಗೆ. ಆದರೆ ಯಾಕೆ ಬೇಡ ಅಂತ ಆವತ್ತು ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಈ ಶನಿವಾರ ಭಾನುವಾರ ಕಳೆದ ಮೇಲೆ ಹೇಳಲು ಬರುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಜ್ಜಿಗೂ ಓದಿ ಹೇಳು. ಫೋನಿನಲ್ಲಿ ಅವಳಿಗೆ ಅರ್ಧವೂ ಕೇಳಿಸುವುದಿಲ್ಲ ಅಲ್ವಾ.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಮುದುಕಮ್ಮ ಇದ್ದಾರೆ, ನಿನಗೆ ಹೇಳಿದ್ದೆ. ಹೋದ ವರ್ಷ ದಸರಾದಲ್ಲಿ ನಾನು ಪುಸ್ತಕದ ಶೆಲ್ಫಿನ ಮೇಲೆ ಮೂರು ಮೆಟ್ಟಿಲು ಮಾಡಿ ಗೊಂಬೆ ಕೂರಿಸಿದ್ದಾಗ ಬಂದು, ಅರ್ಧ ಗಂಟೆ ಅಲ್ಲಾಡದೆ ನೋಡಿದ್ದರು. ಅವರೂ ಹಳೆಯ ಗೊಂಬೆಗಳನ್ನು ಕೂಡಿಡುವವರು ಅಂತ ಆವತ್ತೇ ಗೊತ್ತಾಗಿದ್ದು. ಈ ವಾರ ಅವರೇ ನನ್ನನ್ನೂ ಚಿನ್ನುವನ್ನೂ ಗೊಂಬೆ ಸಂಗ್ರಹಿಸುವವರ ಒಂದು ಕೂಟಕ್ಕೆ ಕರೆದುಕೊಂಡು ಹೋದರು. ನಾಯ್‌ಶ್ಟಾಟ್ ಅಂತ ಊರು. ಬಾಂಬೆರ್ಗ್, ಕೋಬುರ್ಗ್ ದಾಟಿ ರೈಲಿನಲ್ಲಿ ಹೋಗಬೇಕು. ಪಕ್ಕದಲ್ಲೇ ಸೊನೆಬರ್ಗ್. ನಮಗೆ ಚನ್ನಪಟ್ಟಣ ಹೇಗೋ ಇವರಿಗೆ ಸೊನೆಬರ್ಗ್ ಹಾಗೆ. ಆ ಸೀಮೆಯಲ್ಲಿ ತಲೆಮಾರುಗಳಿಂದ ಗೊಂಬೆ ಮಾಡಿದ್ದಾರೆ. 1989ರವರೆಗೆ ಈ ಎರಡು ಊರುಗಳ ನಡುವೆಯೇ ಪೂರ್ವ ಜರ್ಮನಿ, ಪಶ್ಚಿಮ ಜರ್ಮನಿಯ ಗಡಿ ಇತ್ತು. ಅಷ್ಟು ಹತ್ತಿರ ಇದ್ದೂ ಒಬ್ಬರ ಮನೆಗೆ ಒಬ್ಬರು ಸುಮ್ನೆ ಹೋಗಿಬರುವ ಹಾಗಿರಲಿಲ್ಲ.

ಕೂಟ ಅಂದರೆ ದೊಡ್ಡ ಜಾತ್ರೆಯೇನಲ್ಲ. ಒಂದು ಸಮುದಾಯ ಭವನ, ಉದ್ದ ಮೇಜುಗಳು, ಕಾಫಿ, ಮನೆಯಲ್ಲಿ ಮಾಡಿ ತಂದ ಕೇಕು. ಒಂದು ಕಡೆ ಮಾರಾಟ. ಇನ್ನೊಂದು ಕಡೆ ಪೂರ್ತಿ ಕೈಕೆಲಸದ ತರಗತಿಗಳು. ಹೆಸರು ಕೊಟ್ಟು ಒಂದೊಂದು ಮೇಜಿಗೆ ಎಂಟು ಹತ್ತು ಜನ ಕೂರಬೇಕು. ಮಾರಾಟದ ಕಡೆ ನಾನು ತಲೆ ಹಾಕಲಿಲ್ಲ, ಬೆಲೆ ಕೇಳಿಯೇ ಸಾಕಾಯಿತು.

ಮೊದಲ ತರಗತಿ ಗೊಂಬೆಯ ಕೈಕಾಲು ಜೋಡಿಸುವುದು. ಇಲ್ಲಿನ ನೂರು ವರ್ಷ ಹಳೆಯ ಗೊಂಬೆಗಳಲ್ಲಿ ತಲೆ ಮಾತ್ರ ಪಿಂಗಾಣಿ. ಹೊಳಪು ಹಚ್ಚದೆ ಸುಟ್ಟ ಪಿಂಗಾಣಿ, ಅದಕ್ಕೆ ಬಿಸ್ಕ್ ಅನ್ನುತ್ತಾರೆ. ಮುಟ್ಟಿದರೆ ಎಳೆ ಮಗುವಿನ ಕೆನ್ನೆಯ ಹಾಗೆ ನುಣುಪು, ಆದರೆ ತಣ್ಣಗೆ. ಮೈ, ಕೈ, ಕಾಲು ಬೇರೆ. ಮೊಣಕೈ, ಮಂಡಿಯ ಜಾಗದಲ್ಲಿ ಮರದ ಗುಂಡುಗಳಿರುತ್ತವೆ. ಎಲ್ಲವನ್ನೂ ಹಿಡಿದಿಡುವುದು ಒಳಗಿನ ಎಲಾಸ್ಟಿಕ್ ದಾರ. ಮೈ ಒಳಗೆ ಟೊಳ್ಳು. ಲಂಗಕ್ಕೆ ಲಾಡಿ ಹಾಕುವ ಹಾಗೆ ಕೊಕ್ಕೆ ಕಡ್ಡಿಯಿಂದ ದಾರ ಎಳೆಯಬೇಕು. ಒಂದು ಕೈಯಿಂದ ಇನ್ನೊಂದು ಕೈಗೆ ಒಂದು ದಾರ. ಕಾಲಿನಿಂದ ಮೇಲಕ್ಕೆ ಕತ್ತಿನವರೆಗೆ ಇನ್ನೊಂದು, ಅದನ್ನು ತಲೆಯ ಕೊಕ್ಕೆಗೆ ಸಿಕ್ಕಿಸಬೇಕು. ಸಡಿಲವಾದರೆ ಗೊಂಬೆ ಕುಸಿಯುತ್ತದೆ. ಬಿಗಿ ಜಾಸ್ತಿಯಾದರೆ ಪಿಂಗಾಣಿಯ ಕತ್ತು ಬಿರುಕು ಬಿಡುತ್ತದೆ.

ನಾನು ಗಟ್ಟಿಯಾಗಿ ಇರಲಿ ಅಂತ ಎಳೆದೆ. ಕೊಕ್ಕೆ ಕೈಜಾರಿ ಪಟ್ ಅಂತ ಹೊಡೆಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಎರಡೂ ಕೈ ಚಾಚಿ ಗೊಂಬೆಯ ತಲೆ ಹಿಡಿದುಕೊಂಡರು. ಒಂದು ಮಾತು ಬಯ್ಯಲಿಲ್ಲ. ನನ್ನ ಎದೆ ಮಾತ್ರ ತುಂಬಾ ಹೊತ್ತು ಹೊಡೆದುಕೊಳ್ಳುತ್ತಿತ್ತು. ಆ ತಲೆಯ ಹಿಂಭಾಗದಲ್ಲಿ, ಕೂದಲಿನ ಕೆಳಗೆ, ಗುರುತು ಒತ್ತಿತ್ತು: ಆರ್ಮಾಂಡ್ ಮಾರ್ಸೆಯ್, 390. ಕೊಪ್ಪೆಲ್ಸ್‌ಡಾರ್ಫ್ ಕಾರ್ಖಾನೆಯದು. ಆ ಊರು ಈಗ ಸೊನೆಬರ್ಗಿಗೇ ಸೇರಿಹೋಗಿದೆ. 390 ಅನ್ನುವುದು ಅಚ್ಚಿನ ಸಂಖ್ಯೆ. ಇದು ಅಪರೂಪದ್ದಲ್ಲವಂತೆ, ಬೇಕಾದಷ್ಟು ಸಿಗುತ್ತದೆ. ಹಾಗಿದ್ದೂ ಅದನ್ನು ಹಿಡಿದ ರೀತಿ ನೋಡಬೇಕಿತ್ತು ನೀನು.

ಎರಡನೆಯದು ಮೈ ರಿಪೇರಿ. ಅಮ್ಮ, ಇದನ್ನು ಹೇಳಲೇ ಬೇಕು. ಆ ಮೈ ಮರದ್ದಲ್ಲ. ಮರದ ಹೊಟ್ಟು, ಕಾಗದದ ಮುದ್ದೆ, ಅಂಟು ಇಂಥವನ್ನೆಲ್ಲ ಕಲಸಿ ಅಚ್ಚಿಗೆ ಒತ್ತಿ ಒಣಗಿಸಿದ್ದು. ಕಲಿಸುವವರು ಒಂದು ಬಟ್ಟಲಿನಲ್ಲಿ ಸಣ್ಣ ಹೊಟ್ಟನ್ನು ಅಂಟಿನ ಜೊತೆ ಕಲಸಿ ಬೆರಳು ಮುರಿದ ಕೈಗೆ ಮೆತ್ತಿದರು. ನನಗೆ ತಕ್ಷಣ ಕಿನ್ನಾಳ ನೆನಪಾಯಿತು. ಹಂಪಿಗೆ ಹೋದಾಗ ಕೊಪ್ಪಳದ ಹತ್ತಿರ ಕಿನ್ನಾಳಕ್ಕೆ ಹೋಗಿ ಗೌರಿ ಗೊಂಬೆ ತಂದೆವಲ್ಲ? ಅಲ್ಲಿ ಚಿತ್ರಗಾರರ ಮನೆಯ ಪಡಸಾಲೆಯಲ್ಲಿ ಮರದ ಹೊಟ್ಟನ್ನು ಹುಣಸೆಬೀಜದ ಅಂಟಿನಲ್ಲಿ ಕಲಸುತ್ತಿದ್ದರು. ಅಪ್ಪ ಅದರ ವಾಸನೆ ನೋಡಿ ‘ಇದು ಹುಣಸೆಬೀಜವೇ’ ಅಂದಿದ್ದರು. ನಾನು ಎದ್ದು ನಿಂತು ನನ್ನ ಅರೆಬರೆ ಜರ್ಮನ್‌ನಲ್ಲಿ ಇದನ್ನೆಲ್ಲ ಹೇಳಿದೆ. ಎಲ್ಲರೂ ಕೆಲಸ ನಿಲ್ಲಿಸಿ ಕೇಳಿದರು. ಹುಣಸೆಬೀಜ ಅಂದರೆ ಏನು ಅಂತ ಒಬ್ಬರು ಬರೆದುಕೊಂಡರು. ಆಗ ಆ ಪಕ್ಕದ ಹೆಂಗಸು ಅಂದರು, ಅವರ ಅಜ್ಜಿಯ ಕಾಲದಲ್ಲಿ ಸೊನೆಬರ್ಗ್ ಸುತ್ತಮುತ್ತ ಇದು ಮನೆಮನೆಯ ಕೆಲಸ ಅಂತ. ಒಂದು ಮನೆಯವರು ಕೈಕಾಲು ಒತ್ತುವುದು, ಇನ್ನೊಂದು ಮನೆಯವರು ಬಣ್ಣ ಹಚ್ಚುವುದು, ಮತ್ತೊಂದು ಮನೆಯವರು ಅಂಗಿ ಹೊಲಿಯುವುದು. ಮಕ್ಕಳೂ ಶಾಲೆಯಿಂದ ಬಂದು ರಾತ್ರಿಯವರೆಗೆ ಕೂತು ಮಾಡುತ್ತಿದ್ದರಂತೆ. ಮಾಲನ್ನು ಕೊಂಡು ದೇಶದೇಶಕ್ಕೆ ಕಳಿಸುತ್ತಿದ್ದ ವ್ಯಾಪಾರಿಗಳು ಶ್ರೀಮಂತರಾದರು, ಮಾಡಿದವರ ಕೈಗೆ ಬಂದದ್ದು ತೀರಾ ಕಡಿಮೆ. ಅದನ್ನು ಹೇಳುವಾಗ ಅವರು ಗೊಂಬೆಯ ಕೈಯನ್ನೇ ನೋಡುತ್ತಿದ್ದರು. ನನಗೆ ಆ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಯಾವ ಮಗು ಆಡಲು ಮಾಡಿದ್ದೋ ಅದನ್ನು ಇನ್ನೊಂದು ಮಗು ನಿದ್ದೆಗೆಟ್ಟು ಮಾಡಿರುತ್ತದೆ.

ಈ ಮೈಗೆ ನೀರು ಸೋಕಿಸಬಾರದಂತೆ. ಒದ್ದೆಯಾದರೆ ಅಂಟು ಮೆತ್ತಗಾಗಿ ಪದರ ಬಿಡುತ್ತದೆ. ನನಗೆ ನಮ್ಮ ಶೆಟ್ಟರ ಗೊಂಬೆ ನೆನಪಾಯಿತು. ಮೂರನೇ ಕ್ಲಾಸಿನಲ್ಲಿದ್ದಾಗ ಶೆಟ್ಟರ ಹೊಟ್ಟೆ ಕೊಳೆಯಾಗಿದೆ ಅಂತ ಸೋಪು ಹಾಕಿ ತೊಳೆದು, ಬಣ್ಣವೆಲ್ಲ ಬಚ್ಚಲಿಗೆ ಹರಿದುಹೋಗಿತ್ತಲ್ಲ. ಅಜ್ಜಿ ಆವತ್ತು ಬಯ್ಯದೆ ಅತ್ತಳು. ಅವಳು ಅತ್ತದ್ದು ಯಾಕೆ ಅಂತ ನನಗೆ ಈಗ ಚೆನ್ನಾಗಿ ಅರ್ಥವಾಗುತ್ತದೆ.

ಕೂದಲಿನ ಮೇಜಿನಲ್ಲಿ ನಾನೇ ಮುಂದು. ಅಂಗೋರ ಮೇಕೆಯ ಕೂದಲು, ಮೊಹೇರ್ ಅನ್ನುತ್ತಾರೆ. ಅದನ್ನು ದಾರಕ್ಕೆ ಸಾಲಾಗಿ ಹೊಲಿದುಕೊಂಡು, ಗೊಂಬೆಯ ತಲೆಗೆ ಸರಿಯಾದ ಟೋಪಿಗೆ ಕೆಳಗಿನ ಅಂಚಿನಿಂದ ಸುತ್ತುತ್ತಾ ನೆತ್ತಿಯವರೆಗೆ ಹೊಲಿಯಬೇಕು. ಅಜ್ಜಿ ಉದುರಿದ ಕೂದಲನ್ನು ಡಬ್ಬಿಯಲ್ಲಿ ಕೂಡಿಟ್ಟು ಚೌರಿ ಕಟ್ಟಿಸುತ್ತಿದ್ದದ್ದನ್ನು ನೋಡಿ ಬೆಳೆದವಳು ನಾನು, ನನಗೇನು ಹೊಸದಲ್ಲ. ಹೊಲಿದು ಮುಗಿಸಿ ಎರಡು ಜಡೆ ಹಾಕಿ ಮೇಲಕ್ಕೆ ಮಡಚಿ ರಿಬ್ಬನ್ ಕಟ್ಟಿದೆ, ನೀನು ನನಗೆ ಸ್ಕೂಲಿಗೆ ಕಟ್ಟುತ್ತಿದ್ದ ಹಾಗೆ. ಅದನ್ನು ಹೇಗೆ ಕಟ್ಟಿದೆ ತೋರಿಸು ಅಂತ ಸುತ್ತ ಮೂರು ಜನ ಬಂದು ನಿಂತರು.

ಕಣ್ಣಿನ ತರಗತಿ ಭಾನುವಾರ ಬೆಳಿಗ್ಗೆ. ಗೊಂಬೆಯ ಗಾಜಿನ ಕಣ್ಣುಗಳಿಗೆ ಹೆಸರಾದ ಊರು ಲೌಷಾ, ಸೊನೆಬರ್ಗಿನಿಂದ ಸ್ವಲ್ಪ ಮೇಲೆ ಬೆಟ್ಟದಲ್ಲಿದೆ. 1597ರಲ್ಲೇ ಅಲ್ಲಿ ಗಾಜಿನ ಕುಲುಮೆ ಹಾಕಿದ್ದರು. ಲುಡ್ವಿಗ್ ಮ್ಯುಲರ್-ಊರಿ ಅನ್ನುವವರು ಅಲ್ಲಿ ಗೊಂಬೆಗೆ ಕಣ್ಣು ಮಾಡುತ್ತಿದ್ದರು, ಆಮೇಲೆ 1835ರಲ್ಲಿ ಮನುಷ್ಯರಿಗೂ ಗಾಜಿನ ಕಣ್ಣು ಮಾಡಿದರು. ಕಣ್ಣು ಕಳೆದುಕೊಂಡವರಿಗೆ ಮುಖ ತೋರಿಸುವ ಧೈರ್ಯ ಬಂದದ್ದು ಗೊಂಬೆಯ ಕಣ್ಣು ಮಾಡುತ್ತಿದ್ದ ಕೈಯಿಂದ. ಇದನ್ನು ಕೇಳಿ ನನಗೆ ಮೈ ಜುಮ್ಮೆಂದಿತು.

ಮಲಗಿಸಿದರೆ ಕಣ್ಣು ಮುಚ್ಚುವ ಗೊಂಬೆ ಇದೆಯಲ್ಲ, ಅದರ ಗುಟ್ಟೂ ನೋಡಿದೆ. ಎರಡು ಗಾಜಿನ ಕಣ್ಣುಗಳನ್ನು ಒಂದು ತಂತಿಗೆ ಕೂರಿಸಿ, ಕೆಳಗೆ ಸೀಸದ ತೂಕ ಕಟ್ಟಿರುತ್ತಾರೆ. ಗೊಂಬೆ ಮಲಗಿದರೆ ತೂಕ ಹಿಂದಕ್ಕೆ ವಾಲುತ್ತದೆ, ಕಣ್ಣು ತಿರುಗಿ ರೆಪ್ಪೆ ಮುಂದೆ ಬರುತ್ತದೆ. ರೆಪ್ಪೆಗೆ ತೆಳುವಾಗಿ ಮೇಣ ಹಚ್ಚಿರುತ್ತಾರೆ. ಚಿನ್ನು ಅದನ್ನು ಎಬ್ಬಿಸುವುದು ಮಲಗಿಸುವುದು, ಎಬ್ಬಿಸುವುದು ಮಲಗಿಸುವುದು. ಕೊನೆಗೆ ಕೇಳಿದಳು, ‘ನಮ್ಮ ರಾಜ ರಾಣಿಗೆ ಕಣ್ಣು ಮುಚ್ಚೋಕೆ ಬರಲ್ಲ, ಅವರು ಹೇಗೆ ಮಲಗ್ತಾರೆ?’ ವಿಜಯದಶಮಿ ರಾತ್ರಿ ಮುತ್ತಜ್ಜಿ ಅವರನ್ನು ಮಲಗಿಸುತ್ತಾಳೆ, ಕಣ್ಣು ತೆರೆದೇ ಇದ್ದರೂ ಅವರಿಗೆ ನಿದ್ದೆ ಬರುತ್ತದೆ ಅಂದೆ. ಅವಳಿಗೆ ಅಷ್ಟು ಸಾಕಾಯಿತು.

ಮಧ್ಯಾಹ್ನ ಸೊನೆಬರ್ಗಿನ ಆಟಿಕೆ ಮ್ಯೂಸಿಯಮ್ಮಿಗೂ ಹೋಗಿ ಬಂದೆವು. 1901ರಲ್ಲಿ ಶುರುವಾದದ್ದು. ಅಲ್ಲಿ ಒಂದು ಹಳ್ಳಿ ಜಾತ್ರೆಯ ದೃಶ್ಯ ಇದೆ, 1910ರ ಬ್ರಸೆಲ್ಸ್ ವಸ್ತುಪ್ರದರ್ಶನಕ್ಕೆ ಅಂತ ಸೊನೆಬರ್ಗಿನವರು ಮಾಡಿದ್ದು. ದೊಡ್ಡ ದೊಡ್ಡ ಗೊಂಬೆಗಳು, ಜನಜಂಗುಳಿ. ನಾವು ಕೆಳಗಿನ ಮೆಟ್ಟಿಲ ಮುಂದೆ ರಾಗಿ ಪೈರು ಬೆಳೆಸಿ ಸಂತೆ ಜೋಡಿಸುತ್ತೇವಲ್ಲ, ಅದೇ ಮನಸ್ಸು.

ಈಗ ನಮ್ಮ ಗೊಂಬೆಯ ವಿಷಯಕ್ಕೆ ಬರುತ್ತೇನೆ. ರಿಪೇರಿ ಕಲಿಸಿದವರಿಗೆ ಫೋನಿನಲ್ಲಿ ರಾಜ ರಾಣಿಯ ಫೋಟೋ ತೋರಿಸಿದೆ. ರಕ್ತಚಂದನದ ಮರ, ಅಜ್ಜಿಯ ಮದುವೆಯಲ್ಲಿ ಕೊಟ್ಟದ್ದು ಅಂತ ಹೇಳಿದೆ. ಅವರು ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು. ರಾಣಿಯ ಮೂಗಿನ ತುದಿ ಸವೆದಿರುವುದನ್ನು ತೋರಿಸಿ, ಇದು ಹೇಗಾಯಿತು ಅಂದರು. ಪ್ರತಿವರ್ಷ ಅರಿಶಿನ ಕುಂಕುಮ ಹಚ್ಚಿ, ಒರೆಸಿ, ಒರೆಸಿ ಅಂದೆ. ‘ಹಾಗಾದರೆ ಅದು ಕೆಟ್ಟಿಲ್ಲ. ಅದು ನಿಮ್ಮ ಮನೆಯ ಹೆಂಗಸರ ಕೈಗುರುತು’ ಅಂದರು. ಸ್ಯಾಂಡ್ ಪೇಪರ್ ಹಾಕಿದರೆ ಆ ಗುರುತು ಹೋಗುತ್ತದೆ, ಕೆತ್ತಿದವನ ಉಳಿಯ ಗೆರೆಗಳೂ ಹೋಗುತ್ತವೆ. ಹೋದದ್ದು ಮತ್ತೆ ಬರುವುದಿಲ್ಲ. ಇಲ್ಲಿ ಇವರು ಪಾಲಿಸುವ ಕ್ರಮ ಅದೇ: ಬೇಕೆಂದಾಗ ಬಿಚ್ಚಿ ತೆಗೆಯಲು ಬರುವಂಥ ರಿಪೇರಿ ಮಾತ್ರ ಮಾಡುತ್ತಾರೆ. ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಹಚ್ಚುವುದಿಲ್ಲ.

ಪುಟ್ಟನಿಗೆ ಹೇಳು, ಒಣ ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ಎಣ್ಣೆ ಬೇಡ, ನೀರು ಬೇಡ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಡುವುದು ಬೇಡ, ಒಳಗೆ ಪಸೆ ಕಟ್ಟುತ್ತದೆ. ಅಪ್ಪನ ಹಳೆಯ ಪಂಚೆ ಒಗೆದು ಒಣಗಿಸಿ ಅದರಲ್ಲಿ ಸುತ್ತಿಡಲಿ. ರಾಣಿಯ ಸೀರೆ ಜರಿ ಕಪ್ಪಾಗಿದೆ ಅಂತ ಎಸೆಯಬೇಡಿ, ಮಡಿಕೆಯಲ್ಲಿ ಹರಿದಿದ್ದರೂ ಪರವಾಗಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಬೇರೆ ಇಡು. ಪುಟ್ಟನಿಗೆ ಬೇಜಾರಾದರೆ ಮೆಟ್ಟಿಲಿಗೆ ಬೇಕಾದ ಹಾಗೆ ಬಣ್ಣ ಹೊಡೆಯಲಿ, ಲೈಟು ಹಾಕಲಿ.

ಇನ್ನೊಂದು ಕೆಲಸ ನಿನಗೆ. ಇಲ್ಲಿ ಪ್ರತಿ ಗೊಂಬೆಯ ಜೊತೆ ಒಂದು ಚೀಟಿ ಇಡುತ್ತಾರೆ. ಯಾರದ್ದು, ಯಾರು ಕೊಟ್ಟರು, ಯಾವಾಗ, ಯಾರು ಹೊಲಿದರು. ಆ ಚೀಟಿ ಇಲ್ಲದ ಗೊಂಬೆಗಳು ಮಾರಾಟದ ಮೇಜಿನ ಮೇಲೆ ಎಷ್ಟೊಂದು ಇದ್ದವು ಗೊತ್ತಾ? ಅಷ್ಟು ಚೆಂದದ ಮುಖಗಳು, ಯಾರ ಮನೆಯವು ಅಂತ ಒಬ್ಬರಿಗೂ ಗೊತ್ತಿಲ್ಲ. ಒಂದು ಮಧ್ಯಾಹ್ನ ಅಜ್ಜಿಯ ಹತ್ತಿರ ಕೂತು ಕೇಳಿ ಬರೆದಿಡು. ರಾಜನ ಪೇಟ ಯಾರು ಸುತ್ತಿದ್ದು, ರಾಣಿಯ ಮಣಿಸರ ಎಲ್ಲಿಂದ ಬಂತು, ಎಲ್ಲ. ಅವಳು ಹೇಳುವ ಮಾತನ್ನೇ ಬರಿ, ತಿದ್ದಬೇಡ.

ಇವರಿಗೆ ರಜಾ ಸಿಕ್ಕಿದೆ. ಪಾಡ್ಯಕ್ಕೆ ಎರಡು ದಿನ ಮೊದಲೇ ಬರುತ್ತೇವೆ. ರಾಣಿಗೆ ಹೊಸ ಸೀರೆ ನಾನೇ ಇಲ್ಲಿ ಹೊಲಿದು ತರುತ್ತೇನೆ, ಒಳಗೆ ಹತ್ತಿಯ ಬಟ್ಟೆ ಕೊಟ್ಟು, ಮರಕ್ಕೆ ಜರಿ ತಾಗದ ಹಾಗೆ. ನಿನ್ನ ಮದುವೆಯ ಹಸಿರು ರವಿಕೆ ಕಣ ಒಂದು ಮಿಕ್ಕಿತ್ತಲ್ಲ, ಅದನ್ನು ಮುಂದಿನ ವಾರ ಬರುವ ಪಕ್ಕದ ಮನೆಯ ಹುಡುಗನ ಕೈಯಲ್ಲಿ ಕೊಟ್ಟು ಕಳಿಸು. ರಾಣಿಯ ಭುಜದಿಂದ ಪಾದದವರೆಗೆ ಎಷ್ಟು, ಸೊಂಟದ ಸುತ್ತ ಎಷ್ಟು ಅಂತ ಟೇಪಿನಲ್ಲಿ ಅಳೆದು ಬರಿ. ಅಳೆಯುವಾಗ ಅಜ್ಜಿಯೇ ಅವಳನ್ನು ಹಿಡಿದುಕೊಳ್ಳಲಿ.

ಇಂತಿ
ನಿನ್ನ ಮಗಳು