ಅಮ್ಮನ ಮಂಡಿ ಆಪರೇಷನ್ ಮುಂದಕ್ಕೆ ಹಾಕಬೇಡಿ

ಟೌಸನ್, ಮೇರಿಲ್ಯಾಂಡ್
ಭಾನುವಾರ ಬೆಳಿಗ್ಗೆ

ತೀರ್ಥರೂಪ ಅಪ್ಪನಿಗೆ ನಮಸ್ಕಾರಗಳು. ನಾವೆಲ್ಲ ಚೆನ್ನಾಗಿದ್ದೇವೆ.

ನಿಮ್ಮ ಕಾಗದವನ್ನು ರವಿ ಫೋಟೋ ತೆಗೆದು ಕಳಿಸಿದ. ಮೂರು ಸಲ ಓದಿದೆ. ಅಮ್ಮನ ಮಂಡಿ ಆಪರೇಷನ್ "ಸಂಕ್ರಾಂತಿ ಕಳೆಯಲಿ" ಅಂತ ಮುಂದಕ್ಕೆ ಹಾಕಿದ್ದೀರಿ. ಕಾರಣ, ನಾನು ಮಗ ತೇಜುವನ್ನು ಚೆಂಡಾಟಕ್ಕೋಸ್ಕರ ದುಡ್ಡಿನ ಸ್ಕೂಲಿಗೆ ಹಾಕಿದ್ದೇನೆ, ನನ್ನ ಕೈ ಬಿಗಿಯಾಗಿರಬೇಕು. ನಿಮಗೆ ಇದನ್ನು ಹೇಳಿದ್ದು ಸುಬ್ಬಣ್ಣ ಮಾವ ತಾನೆ? ನೀವು ನೇರವಾಗಿ ಬೈದಿದ್ದರೆ ವಾಸಿ ಇತ್ತು. ಬೈಯದೆ ಸುಮ್ನೆ ತಾರೀಖು ಮುಂದಕ್ಕೆ ಹಾಕಿದ್ದೀರಲ್ಲ, ಅದು ಚುಚ್ಚುತ್ತಿದೆ.

ಮೊದಲು ಒಂದು ಮಾತು. ತೇಜು ಆಡುವುದು ನೀವು ಅಂದುಕೊಂಡ ಹಾಕಿ ಅಲ್ಲ, ಲ್ಯಾಕ್ರಾಸ್. ಕೋಲಿನ ತುದಿಗೆ ಬಲೆ ಇರುತ್ತದೆ. ಚೆಂಡು ಅದರಲ್ಲಿ ನಿಲ್ಲಬೇಕಾದರೆ ಓಡುವಾಗ ಕೋಲನ್ನು ತೊಟ್ಟಿಲು ತೂಗಿದ ಹಾಗೆ ತೂಗುತ್ತಲೇ ಇರಬೇಕು. ಇಂಗ್ಲಿಷಿನಲ್ಲೂ ಅದಕ್ಕೆ ತೊಟ್ಟಿಲ ಹೆಸರೇ. ಇದು ಬಿಳಿಯರು ಕಂಡುಹಿಡಿದ ಆಟವೂ ಅಲ್ಲ, ಈ ನೆಲದ ಮೂಲನಿವಾಸಿಗಳದ್ದು. ಈ ರಾಜ್ಯದವರು 2004ರಲ್ಲಿ ಇದನ್ನು ತಮ್ಮ ರಾಜ್ಯದ ಆಟಗಳಲ್ಲಿ ಒಂದು ಅಂತ ಕಾನೂನನ್ನೇ ಮಾಡಿದ್ದಾರೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಕ್ರಿಕೆಟ್ಟಿನ ಜೊತೆಗೆ ಇದೂ ಇದೆ. ಸುಬ್ಬಣ್ಣ ಮಾವನಿಗೆ ಇಷ್ಟನ್ನು ತಪ್ಪದೆ ಹೇಳಿ.

"ಆಟ ನೋಡಿ ಸ್ಕೂಲು ಸೇರಿಸುವವರುಂಟೇ" ಅಂತ ಕೇಳಿದ್ದೀರಿ. ಇಲ್ಲಿ ಉಂಟು ಅಪ್ಪ. ಸ್ಕೂಲ್ ತಂಡ ಆಡುವುದು ವಸಂತದಲ್ಲಿ ಮಾತ್ರ, ಮೇ ತಿಂಗಳಿಗೆಲ್ಲ ಮುಗಿಯಿತು. ಉಳಿದ ವರ್ಷವೆಲ್ಲ ಸ್ಕೂಲಿನ ಹೊರಗೆ ದುಡ್ಡು ಕಟ್ಟಿ ಸೇರುವ ಕ್ಲಬ್ಬು. ಬೇಸಿಗೆ ಪೂರ್ತಿ ಟೂರ್ನಮೆಂಟು, ಈಗ ಚಳಿ ಹಿಡಿಯುವ ಮೊದಲು ಇನ್ನೊಂದಷ್ಟು. ತಂಡಕ್ಕೆ ಊರಿನ ಹೆಸರಿಲ್ಲ, ಹುಡುಗರು ಹೈಸ್ಕೂಲ್ ಮುಗಿಸುವ ವರ್ಷದ ಹೆಸರು. ತೇಜು "2029". ಅವನು ಮೂರನೇ ಕ್ಲಾಸಿನಿಂದ ಅದೇ ಹುಡುಗರ ಜೊತೆ ಇದ್ದಾನೆ.

ಬಾಲ್ಟಿಮೋರ್ ಸುತ್ತಮುತ್ತ ಗಿಲ್ಮನ್, ಮೆಕ್‌ಡೊನಾ, ಕ್ಯಾಲ್ವರ್ಟ್ ಹಾಲ್ ಅಂತ ಖಾಸಗಿ ಸ್ಕೂಲುಗಳಿವೆ. ಈ ಆಟದಲ್ಲಿ ದೇಶಕ್ಕೇ ಹೆಸರಾದವು. ಸರ್ಕಾರಿ ಸ್ಕೂಲಿಗೆ ಸಾಮಾನ್ಯವಾಗಿ ಅದರ ಸರಹದ್ದಿನ ಮಕ್ಕಳು ಮಾತ್ರ. ಖಾಸಗಿಯವರಿಗೆ ಸರಹದ್ದೇ ಇಲ್ಲ. ಹಾಗಾಗಿ ಅವರು ಹುಡುಗರನ್ನು ಹುಡುಕುವುದು ಕ್ಲಬ್ ಪಂದ್ಯಗಳಲ್ಲಿ. ಗೆರೆಯಾಚೆ ಮಡಚುವ ಕುರ್ಚಿ ಹಾಕಿಕೊಂಡು ಕೂತಿರುವ ಟೋಪಿಯವನು ಯಾರದೋ ಅಪ್ಪ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅವನು ಒಂದು ಸ್ಕೂಲಿನ ಕೋಚ್. ಎಷ್ಟೋ ಕಡೆ ಕ್ಲಬ್ಬಿನ ಕೋಚೇ ಸ್ಕೂಲಿನ ಕೋಚೂ ಆಗಿರುತ್ತಾನೆ. ಐದಾರು ವರ್ಷ ಒಟ್ಟಿಗೆ ಆಡಿದ ಹುಡುಗರು ಒಂದೇ ಸ್ಕೂಲಿಗೆ ಬಂದರೆ ಅವನಿಗೆ ಕಲಿಸುವುದೇ ಕಡಿಮೆ. ಯಾರು ಎಡಗೈಯವನು, ಯಾರು ಎಲ್ಲಿಗೆ ಓಡುತ್ತಾನೆ, ಎಲ್ಲ ಒಬ್ಬರಿಗೊಬ್ಬರಿಗೆ ಬಾಯಿಪಾಠ.

ತೇಜುವಿನ ತಂಡದಿಂದ ನಾಲ್ಕು ಜನ ಒಂದೇ ಸ್ಕೂಲಿಗೆ ಹೊರಟರು. ಇವನು ಐದನೆಯವನು. ಇವನು ಗೋಲ್‌ಕೀಪರ್ ಆಗಿದ್ದಕ್ಕೆ ಅನುಕೂಲವಾಯಿತು. ಬೇರೆ ಜಾಗಕ್ಕೆ ಹುಡುಗರು ಬೇಕಾದಷ್ಟು, ಗೋಲಿಗೆ ನಿಲ್ಲುವ ಧೈರ್ಯದವರು ಕಮ್ಮಿ. ಆರಡಿಗೆ ಆರಡಿ ಗೋಲು, ಕ್ರಿಕೆಟ್ ಚೆಂಡಿಗಿಂತ ಚೂರು ಚಿಕ್ಕದಾದ ಗಟ್ಟಿ ರಬ್ಬರ್ ಚೆಂಡು. ತಲೆಗೆ, ಎದೆಗೆ, ಕತ್ತಿಗೆಲ್ಲ ರಕ್ಷಣೆ ಇದೆ. ತೊಡೆಗೆ ಇಲ್ಲ. ಮೊನ್ನೆ ಶನಿವಾರ ತೊಡೆಯ ಮೇಲೆ ನೇರಳೆ ಹಣ್ಣಿನ ಬಣ್ಣದ ದುಂಡನೆ ಗುರುತು, ಸುತ್ತ ಹಳದಿ. ಅವನಿಗೆ ಅದು ಪದಕ, ಫ್ರೆಂಡ್ಸಿಗೆಲ್ಲ ತೋರಿಸುತ್ತಾನೆ. (ಈ ಸಾಲುಗಳನ್ನು ಅಮ್ಮನಿಗೆ ಓದಬೇಡಿ.)

ನಮ್ಮ ಮನೆ ಹತ್ತಿರದ ಸರ್ಕಾರಿ ಸ್ಕೂಲಿನಲ್ಲೂ ತಂಡ ಇದೆ. ಆದರೆ ಕ್ಲಬ್ಬಿನ ಹುಡುಗರೆಲ್ಲ ಆ ಕಡೆ ಹೋದ ಮೇಲೆ ಇಲ್ಲಿ ಉಳಿದವರು ಈಗಷ್ಟೇ ಕೋಲು ಹಿಡಿದವರು. ಇದು ನನಗೂ ಸರಿ ಅನ್ನಿಸುವುದಿಲ್ಲ. ಕ್ಲಬ್ಬಿಗೆ ದುಡ್ಡು ಕಟ್ಟಲಾಗದವನ ಮಗ ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲೇ ಹಿಂದೆ ಬಿದ್ದಿರುತ್ತಾನೆ. ಹಾಗಂತ ನನ್ನ ಮಗನನ್ನು ತಡೆದೆನಾ? ಇಲ್ಲ.

ಒಂದು ವಿಷಯಕ್ಕೆ ಮಾತ್ರ ಒಪ್ಪಲಿಲ್ಲ. ಇಲ್ಲಿ ಕೆಲವರು ಮಕ್ಕಳನ್ನು ಎಂಟನೇ ಕ್ಲಾಸಿನಲ್ಲಿ ಬೇಕಂತಲೇ ಇನ್ನೊಂದು ವರ್ಷ ಕೂರಿಸುತ್ತಾರೆ. ಫೇಲಾಗಿ ಅಲ್ಲ! ಒಂದು ವರ್ಷ ಹೆಚ್ಚು ಬೆಳೆದರೆ ಮೈದಾನದಲ್ಲಿ ದೊಡ್ಡವನಾಗಿ ಕಾಣುತ್ತಾನೆ ಅಂತ. ಕ್ಲಬ್ಬಿನವರು ನಮಗೂ ಮೆಲ್ಲಗೆ ಹೇಳಿ ನೋಡಿದರು. ನಮ್ಮೂರ ಮೇಷ್ಟ್ರು ನನ್ನ ಹುಟ್ಟಿದ ದಿನ ಜೂನ್ 1 ಅಂತ ಬರೆದು ಎಂಟು ತಿಂಗಳು ಮುಂಚೆಯೇ ಒಂದನೇ ಕ್ಲಾಸಿಗೆ ಕೂರಿಸಿದ್ದು ನೆನಪಾಗಿ ನಗು ಬಂತು. ನಮ್ಮ ಯಜಮಾನರು ಮಾತ್ರ ನಗಲಿಲ್ಲ. "ಒಂದು ವರ್ಷದ ಫೀಸು ಯಾರಪ್ಪ ಕೊಡ್ತಾನೆ" ಅಂದರು.

ಕಾಲೇಜು ದುಡ್ಡು ಸಿಗುತ್ತದೆ ಅಂತ ಇದನ್ನೆಲ್ಲ ಮಾಡುತ್ತಿದ್ದೇವೆ ಅಂದುಕೊಳ್ಳಬೇಡಿ. ಸೊಸೈಟಿ ಲೆಕ್ಕ ಬರೆದ ನಿಮಗೆ ಇದು ಇಷ್ಟವಾಗುತ್ತದೆ: ಮೊನ್ನೆಮೊನ್ನೆವರೆಗೆ ದೊಡ್ಡ ಕಾಲೇಜಿನ ಒಂದು ತಂಡಕ್ಕೆ 12.6 ಸ್ಕಾಲರ್‌ಶಿಪ್ ಮಾತ್ರ. ಅದನ್ನೇ ನಲವತ್ತಕ್ಕೂ ಹೆಚ್ಚು ಹುಡುಗರಿಗೆ ಚೂರುಚೂರು ಹಂಚುವುದು. ಆ .6 ಯಾವ ಪುಣ್ಯಾತ್ಮನಿಗೋ! ಮುಂಚೆ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳೇ "ನಿಮ್ಮ ತಂಡಕ್ಕೇ ಬರುತ್ತೇನೆ" ಅಂತ ಕಾಲೇಜಿಗೆ ಮಾತು ಕೊಟ್ಟುಬಿಡುತ್ತಿದ್ದರು, ತೊಟ್ಟಿಲಲ್ಲೇ ಸಂಬಂಧ ಗೊತ್ತು ಮಾಡಿದ ಹಾಗೆ. 2017ರಲ್ಲಿ ಅದನ್ನು ನಿಲ್ಲಿಸಿದರು. ಈಗ ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1ರ ತನಕ ಕಾಲೇಜಿನ ಕೋಚ್ ಹುಡುಗನ ಜೊತೆ ಮಾತಾಡುವ ಹಾಗಿಲ್ಲ. ಆದ್ದರಿಂದ ಇನ್ನೆರಡು ವರ್ಷ ನಮ್ಮ ಮನೆಯಲ್ಲಿ ಆ ಮಾತೇ ಇಲ್ಲ.

ಈಗ ದುಡ್ಡಿನ ವಿಷಯ. ಸ್ಕೂಲಿನವರು ಆಟಕ್ಕೆ ಅಂತ ಒಂದು ಕಾಸೂ ಬಿಡಲಿಲ್ಲ. ನಮ್ಮ ವರಮಾನದ ಕಾಗದ ನೋಡಿ ಫೀಸಿನಲ್ಲಿ ಅರ್ಧ ಮಾಫಿ ಮಾಡಿದ್ದಾರೆ. ಕ್ಲಬ್ಬಿಗೆ ವರ್ಷಕ್ಕೆ 3,000 ಡಾಲರ್ ಹತ್ತಿರ. ದಯವಿಟ್ಟು ರೂಪಾಯಿಗೆ ಗುಣಿಸಬೇಡಿ. ಇಲ್ಲಿ ದುಡಿದು ಇಲ್ಲೇ ಕಟ್ಟುವುದು. ಹೌದು, ಈ ವರ್ಷ ಹೊಸ ಕಾರು ತೆಗೆದುಕೊಳ್ಳಲಿಲ್ಲ. ಹಳೆಯದೇ ಚೆನ್ನಾಗಿ ಓಡುತ್ತಿದೆ. ಹೌದು, ನಾನು ಶನಿವಾರವೂ ಕೆಲಸಕ್ಕೆ ಹೋಗುತ್ತಿದ್ದೇನೆ. ಅದು ದುಡ್ಡಿಗಲ್ಲ, ಮನೆಯಲ್ಲಿ ಕೂತು ಬೇಜಾರು ಅಂತ. ನಮಗೆ ಏನೂ ತೊಂದರೆ ಇಲ್ಲ. ನಿಜವಾಗಲೂ ಇಲ್ಲ. ಊರಿಗೆ ಬರುವುದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡಿರುವುದೂ ತೇಜುವಿಗೆ ರಜೆ ಇಲ್ಲ ಅನ್ನುವುದಕ್ಕೇ.

ಅಮ್ಮನ ಮಂಡಿಯ ದುಡ್ಡು ಬೇರೆ, ಇದು ಬೇರೆ. ಅದನ್ನು ಏಪ್ರಿಲ್‌ನಲ್ಲೇ ಬೇರೆ ಖಾತೆಗೆ ಹಾಕಿ ಇಟ್ಟಿದ್ದೇನೆ, ಮುಟ್ಟಿಲ್ಲ. ಅಮ್ಮ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಾಳೆ ಅಂತ ರವಿ ಫೋನಿನಲ್ಲಿ ಬಾಯಿ ತಪ್ಪಿ ಹೇಳಿದ. ನೀವು ಯಾಕೆ ಬರೆಯಲಿಲ್ಲ? ನನ್ನ ಮಗ ಚೆಂಡಿಗೆ ಅಡ್ಡ ಬೀಳಲಿ ಅಂತ ನಮ್ಮಮ್ಮ ನೋವು ತಿನ್ನಬೇಕಾ? ನಾಳೆಯೇ ರವಿಯನ್ನು ಹಾಸನಕ್ಕೆ ಕಳಿಸಿ ಡಾಕ್ಟರ ಹತ್ತಿರ ತಾರೀಖು ತೆಗೆದುಕೊಳ್ಳಿ. ದೀಪಾವಳಿ ಆದ ಮಾರನೇ ವಾರವೇ ಆಗಲಿ. ಆಸ್ಪತ್ರೆಯವರು ಕೊಡುವ ಖರ್ಚಿನ ಚೀಟಿಯ ಫೋಟೋ ಅವತ್ತೇ ನನಗೆ ಬರಬೇಕು.

ತೇಜು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಪಂದ್ಯ ಪೆನ್ಸಿಲ್ವೇನಿಯಾದಲ್ಲಿ, ಒಂದೂವರೆ ಗಂಟೆ ದಾರಿ. ಚಿತ್ರಾನ್ನ ಡಬ್ಬಿಗೆ ಹಾಕುವುದು ಬಾಕಿ ಇದೆ. ಅಜ್ಜಿಗೆ ಹಾಯ್ ಅಂತೆ. ಬೇಗ ಬರೆಯಿರಿ, ಇಲ್ಲ ಫೋನೇ ಮಾಡಿಸಿ.

ನಿಮ್ಮ ಮಗಳು,
ಸುಮ

ಒಂದು ಮರೆತೆ. ಇನ್ನೊಂದು ಮಂಡಿಯನ್ನೂ ಡಾಕ್ಟರಿಗೆ ತೋರಿಸಿ. ಅಮ್ಮ ಬೇಡ ಅನ್ನುತ್ತಾಳೆ, ಕೇಳಬೇಡಿ.